ಚುಕ್ಕಿಗಳಲ್ಲಿ ಬರೆದ ಪಹಣಿ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಬೂಮರಾಂಗ್ ಇದೆ. ಸಿಡ್ನಿಯಲ್ಲಿರುವ ದೊಡ್ಡಪ್ಪನ ಮಗಳು ಸುಮಾರು ಹತ್ತು ವರ್ಷದ ಹಿಂದೆ ಊರಿಗೆ ಬಂದಾಗ ತಂದುಕೊಟ್ಟದ್ದು. ಕಂದು ಬಣ್ಣದ ಮರ, ಮೇಲೆ ಕಿತ್ತಳೆ ಬಣ್ಣದ ಕಾಂಗರೂ, ಸುತ್ತ ಬಿಳಿ ಹಳದಿ ಚುಕ್ಕಿಗಳು. ಮನೆಗೆ ಬಂದವರು ಕೈಗೆತ್ತಿಕೊಂಡು, "ಅಲ್ಲಿನ ಮೂಲನಿವಾಸಿಗಳು ಮಾಡಿದ್ದಾ?" ಅಂತ ಕೇಳುತ್ತಿದ್ದರು. ಹೌದು ಅಂತ ನಾನೂ ಹೆಮ್ಮೆಯಿಂದ ಹೇಳುತ್ತಿದ್ದೆ. ಹೋದ ದೀಪಾವಳಿಗೆ ಧೂಳು ಒರೆಸುವಾಗ ಹಿಂಬದಿಯ ಬೆಲೆಚೀಟಿ ಅರ್ಧ ಕಿತ್ತು ಬಂತು. ಅದರ ಕೆಳಗೆ ಇನ್ನೊಂದು ಸಣ್ಣ ಚೀಟಿ. ತಯಾರಾದದ್ದು ಇಂಡೋನೇಷ್ಯಾದಲ್ಲಿ ಅಂತ ಅದರಲ್ಲಿತ್ತು. ಚಿತ್ರ ಬರೆದವರ ಹೆಸರು ಎಲ್ಲೂ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಪಾಪ, ಅವಳಿಗೂ ಬೇಜಾರಾಯಿತು. ಆಮೇಲೆ ಒಂದು ಮಾತು ಕೇಳಿದಳು: "ನೆನಪಿಗೆ ಅಂತ ಕೊಂಡಿದ್ದಲ್ವಾ, ಯಾರು ಮಾಡಿದರೇನು?"

ಕೇಳಬೇಕಾದ ಪ್ರಶ್ನೆಯೇ. ಆ ಬೂಮರಾಂಗನ್ನು ಕೆತ್ತಿದ ಇಂಡೋನೇಷ್ಯಾದ ಕೆಲಸಗಾರನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವನದೂ ಹೊಟ್ಟೆಪಾಡು. ಆದರೆ ಯಾರು ಮಾಡಿದರೇನು ಅನ್ನುವ ಮಾತು ಮಾತ್ರ ಈ ಕಲೆಗೆ ಹೊಂದುವುದಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಬರುವುದೇ ಯಾರು ಬರೆದರು, ಅವರಿಗೆ ಅದನ್ನು ಬರೆಯುವ ಹಕ್ಕು ಎಲ್ಲಿಂದ ಬಂತು ಅನ್ನೋದು. ನಮ್ಮ ಕಡೆಯ ಮಾತಲ್ಲಿ ಹೇಳಬೇಕು ಅಂದರೆ ಅದು ಬರೀ ಚಿತ್ರವಲ್ಲ, ಪಹಣಿ.

ಈ ನಕಲಿಯ ವ್ಯಾಪಾರ ಸಣ್ಣದಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ಇದರ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಮೂಲನಿವಾಸಿ ಶೈಲಿಯ ನೆನಪಿನ ವಸ್ತುಗಳಿಗೆ ಜನ ಖರ್ಚು ಮಾಡುವ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಮೂಲನಿವಾಸಿಗಳ ಕೈಯೇ ಸೋಕದ ವಸ್ತುಗಳಿಗೆ ಅಂತ ಆ ವರದಿ ಹೇಳಿತು. ಅದಕ್ಕೂ ಮುಂಚೆ, 2018ರಲ್ಲಿ, ಒಂದು ಸಗಟು ಕಂಪನಿ ಫೆಡರಲ್ ಕೋರ್ಟಿನಲ್ಲಿ ಸಿಕ್ಕಿಬಿದ್ದಿತ್ತು. ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂ ಅನ್ನುವ ಊದುವ ವಾದ್ಯ ಮುಂತಾದ 18,000ಕ್ಕೂ ಹೆಚ್ಚು ವಸ್ತುಗಳನ್ನು ಅದು ಮಾರಿತ್ತು. ಮರುವರ್ಷ 23 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟು ಹೊತ್ತಿಗೆ ಕಂಪನಿಯೇ ಮುಚ್ಚುವ ಹಂತಕ್ಕೆ ಬಂದಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಗಮನಿಸಬೇಕು. ಆ ದಂಡ ಬಿದ್ದದ್ದು ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ. ಮೂಲನಿವಾಸಿಗಳ ಕೈಕೆಲಸ ಅನ್ನುವ ಭಾವನೆ ಹುಟ್ಟಿಸಿದ್ದು ತಪ್ಪು ಅಂತ ಕೋರ್ಟ್ ಹೇಳಿತು. ಅದೇ ವಸ್ತುವನ್ನು ಹಾಗೇನೂ ಹೇಳದೆ ಮಾರಿದರೆ? ಗ್ರಾಹಕ ಕಾಯ್ದೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಮೋಸ ಹೋದವಳು ಅಕ್ಕ, ಸರಿ, ಅವಳ ಪರವಾಗಿ ಕಾಯ್ದೆ ಇದೆ. ಯಾರ ಚಿತ್ರ ಹೋಯಿತೋ ಅವರ ಪರವಾಗಿ ಏನಿದೆ? ಜಗಳ ಇರುವುದೇ ಇಲ್ಲಿ.

ಹಾಗಾದರೆ ಆ ಚಿತ್ರದೊಳಗೆ ಏನಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಆಸ್ಟ್ರೇಲಿಯಾದ ನಡುವಿನ ಮರುಭೂಮಿಯ ಚಿತ್ರಗಳಲ್ಲಿ ಕುದುರೆ ಲಾಳದಂಥ ಗುರುತು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ನೋಡಿದಾಗ ಅದೊಂದು ಅಲಂಕಾರ ಅಂದುಕೊಂಡಿದ್ದೆ. ಅಲ್ಲ. ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಏನು ಅಚ್ಚು ಉಳಿಯುತ್ತದೋ ಅದೇ ಈ ಗುರುತು. ಅಂದರೆ ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ. ಪಕ್ಕದಲ್ಲಿ ನೆಲ ಅಗೆಯುವ ಕೋಲಿನ ಗೆರೆ ಇದ್ದರೆ ಕೂತವಳು ಹೆಂಗಸು. ಈಟಿ ಇದ್ದರೆ ಗಂಡಸು. ಒಂದರೊಳಗೊಂದು ವೃತ್ತ ಇದ್ದರೆ ಅದು ನೀರಿನ ಗುಂಡಿ, ಬೀಡು ಅಥವಾ ಪವಿತ್ರ ಜಾಗ. ವೃತ್ತದಿಂದ ವೃತ್ತಕ್ಕೆ ಎಳೆದ ಗೆರೆ ನಡೆದ ದಾರಿ. ಇಡೀ ಚಿತ್ರ ಮೇಲಿನಿಂದ ನೆಲವನ್ನು ನೋಡಿದ ಹಾಗೆ ಇರುತ್ತದೆ. ಬಟ್ಟೆಗೆ ಬರುವ ಮೊದಲು ಇವೆಲ್ಲ ಇದ್ದದ್ದು ಮರಳಿನ ಮೇಲೆ, ಬಂಡೆಯ ಮೇಲೆ, ಆಚರಣೆಯ ಹೊತ್ತಲ್ಲಿ ಮೈಮೇಲೆ.

ಆ ದಾರಿಯಲ್ಲಿ ನಡೆದವರು ಯಾರು? ಲೋಕ ರೂಪುಗೊಂಡ ಕಾಲದ ಪೂರ್ವಿಕರು. ಅವರು ನಡೆದಲ್ಲಿ ಬೆಟ್ಟ ಆಯಿತು, ಕೂತಲ್ಲಿ ನೀರು ಬಂತು. ಪಶ್ಚಿಮ ಮರುಭೂಮಿಯ ಜನ ಇದನ್ನು ಚುಕುರ್ಪ ಅನ್ನುತ್ತಾರೆ. ಇಂಗ್ಲಿಷಿನವರು ಡ್ರೀಮಿಂಗ್ ಅಂದರು. ಆ ಹೆಸರಿನಿಂದಾಗಿ ಕನಸು, ಕಟ್ಟುಕಥೆ ಅನ್ನುವ ತಪ್ಪು ತಿಳಿವಳಿಕೆ ಬಂದುಬಿಟ್ಟಿದೆ. ಚುಕುರ್ಪ ಅಂದರೆ ಕಥೆಯೂ ಹೌದು, ಕಾನೂನೂ ಹೌದು. ಯಾವ ನೆಲ ಯಾರದು, ಯಾರು ಯಾರನ್ನು ಮದುವೆಯಾಗಬಹುದು, ಯಾವ ನೀರಿನ ಗುಂಡಿಯನ್ನು ಯಾರು ನೋಡಿಕೊಳ್ಳಬೇಕು, ಎಲ್ಲವೂ ಅದರಲ್ಲೇ ಇದೆ. ವಾರ್ಲ್‌ಪಿರಿ ಜನರಲ್ಲಿ ಒಂದು ಕಥೆಗೆ ಇಬ್ಬಗೆಯ ಹೊಣೆಗಾರರು. ತಂದೆಯ ಕಡೆಯಿಂದ ಹಕ್ಕು ಬಂದವರು ಕಿರ್ಡ. ತಾಯಿಯ ಕಡೆಯಿಂದ ಸಂಬಂಧ ಇರುವವರು ಕುರ್ಡುಂಗುರ್ಲು. ಕಿರ್ಡ ಚಿತ್ರ ಬರೆಯುವಾಗ ಕುರ್ಡುಂಗುರ್ಲು ಪಕ್ಕದಲ್ಲಿದ್ದು ಸರಿಯಾಗಿದೆಯಾ ಅಂತ ನೋಡಬೇಕು. ಒಡೆಯ ಒಬ್ಬ, ಲೆಕ್ಕ ನೋಡುವವ ಇನ್ನೊಬ್ಬ. ಎಷ್ಟು ಚೆಂದದ ಏರ್ಪಾಡು ನೋಡಿ.

ಇನ್ನು ಚುಕ್ಕಿಗಳ ವಿಷಯ. ನಾವು ಚುಕ್ಕಿ ರಂಗೋಲಿ ನೋಡಿ ಬೆಳೆದವರು. ನಮಗೆ ಚುಕ್ಕಿ ಅಂದರೆ ಗೆರೆ ಎಳೆಯಲು ಆಧಾರ. ಇಲ್ಲಿ ಚುಕ್ಕಿಯ ಕೆಲಸವೇ ಬೇರೆ. ಅದಕ್ಕೆ 1971ಕ್ಕೆ ಹೋಗಬೇಕು.

ಅಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ ಪಾಪುನ್ಯಾ ಅಂತ ಒಂದು ಊರು. ಊರು ಅನ್ನುವುದಕ್ಕಿಂತ, ಪಿಂಟುಪಿ, ಲುರಿಚಾ, ವಾರ್ಲ್‌ಪಿರಿ, ಅನ್ಮಚೆರ್ ಅಂತ ಬೇರೆ ಬೇರೆ ಜನರನ್ನು ಸರ್ಕಾರ ಒಂದೇ ಕಡೆ ತಂದು ಕೂಡಿಹಾಕಿದ್ದ ಜಾಗ. ಬಿಳಿಯರ ಹಾಗೆ ಬದುಕುವುದನ್ನು ಇವರಿಗೆ ಕಲಿಸಬೇಕು ಅನ್ನೋದು ಆಗಿನ ನೀತಿ. ಅಲ್ಲಿನ ಶಾಲೆಗೆ ಜೆಫ್ರಿ ಬಾರ್ಡನ್ ಅನ್ನುವ ಮೇಷ್ಟ್ರು ಬಂದರು. ಮಕ್ಕಳು ಮರಳಿನಲ್ಲಿ ಗೀಚುತ್ತಿದ್ದ ಗುರುತುಗಳು ಅವರ ಕಣ್ಣಿಗೆ ಬಿದ್ದವು. ಅವರ ಪ್ರೋತ್ಸಾಹದಿಂದ ಊರಿನ ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಅನುಮತಿ ಇರುವವರು ಮುಂದೆ ನಿಂತು, ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಪಾಪುನ್ಯಾ ಇರುವುದೇ ಜೇನಿರುವೆಯ ದಾರಿಯ ಮೇಲೆ. ನಿಮ್ಮದೆಲ್ಲ ಬಿಡಿ ಅಂತ ಹೇಳಲು ಕಟ್ಟಿದ್ದ ಶಾಲೆಯ ಗೋಡೆಯ ಮೇಲೆ, ಈ ನೆಲದ ಕಥೆ ಇದು ಅಂತ ಬರೆದಿಟ್ಟರು. ಕೆಲವೇ ವರ್ಷಗಳಲ್ಲಿ ಆ ಗೋಡೆಗೆ ಬಣ್ಣ ಬಳಿದು ಚಿತ್ರವನ್ನು ಅಳಿಸಿಬಿಟ್ಟರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಹಿರಿಯರ ಕೈ ನಿಲ್ಲಲಿಲ್ಲ. ಹಲಗೆ, ರಟ್ಟು, ಸಿಕ್ಕಿದ್ದರ ಮೇಲೆಲ್ಲ ಬರೆದರು. 1972ರಲ್ಲಿ ಕಲಾವಿದರೇ ಒಡೆಯರಾಗಿ ಪಾಪುನ್ಯಾ ಟುಲ ಅನ್ನುವ ಕಂಪನಿ ಕಟ್ಟಿದರು.

ಆ ಮೊದಮೊದಲ ಹಲಗೆಗಳಲ್ಲಿ ಒಂದು ತೊಡಕಾಯಿತು. ದೀಕ್ಷೆ ಆದ ಗಂಡಸರು ಮಾತ್ರ ನೋಡಬೇಕಾದ ಗುರುತುಗಳು ಬಯಲಾಗಿಬಿಟ್ಟಿದ್ದವು. ಬೇರೆ ಸಮುದಾಯಗಳ ಹಿರಿಯರು ಸಿಟ್ಟಾದರು. ಅಲ್ಲಿಂದ ಮುಂದೆ ಗುಟ್ಟಿನ ಗುರುತುಗಳನ್ನು ಕೈಬಿಟ್ಟರು. ಚುಕ್ಕಿಗಳು ದಟ್ಟವಾಗಿ ಹರಡಿ ಒಳಗಿನದನ್ನು ಮುಚ್ಚತೊಡಗಿದವು. ಅಂದರೆ ಜಗತ್ತು ಯಾವುದನ್ನು ಈ ಕಲೆಯ ಗುರುತು ಅಂದುಕೊಂಡಿದೆಯೋ ಆ ಚುಕ್ಕಿಗಳು ಬಹಳ ಮಟ್ಟಿಗೆ ಒಂದು ಪರದೆ. ಹೊರಗಿನವರು ಇಲ್ಲಿಯ ತನಕ ಬರಬಹುದು, ಇದರಾಚೆ ನಮ್ಮದು ಅಂತ ಹೇಳುವ ಪರದೆ. ನಮ್ಮ ಶೋಕೇಸಿನ ಬೂಮರಾಂಗಿನ ಮೇಲೆ ಇರುವುದೂ ಚುಕ್ಕಿಯೇ. ಆದರೆ ಅದರ ಹಿಂದೆ ಮುಚ್ಚಿಡಲು ಏನೂ ಇಲ್ಲ.

ಮೂಲನಿವಾಸಿ ಕಲೆ ಅಂದರೆ ಚುಕ್ಕಿ ಅನ್ನೋದೂ ಅರ್ಧ ಸತ್ಯ. ಉತ್ತರದ ಆರ್ನೆಮ್ ಲ್ಯಾಂಡಿನಲ್ಲಿ ಮರದ ತೊಗಟೆಯ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳಲ್ಲಿ ಬರೆಯುತ್ತಾರೆ. ಕಿಂಬರ್ಲಿಯಲ್ಲಿ ಮಣ್ಣಿನ ಬಣ್ಣಗಳೇ ಮುಖ್ಯ. ಅಲ್ಲಿನ ಬಂಡೆಯೊಂದರ ಮೇಲಿನ ಕಾಂಗರೂ ಚಿತ್ರ ಸುಮಾರು 17,300 ವರ್ಷ ಹಳೆಯದು ಅಂತ 2021ರಲ್ಲಿ ವಿಜ್ಞಾನಿಗಳು ಹೇಳಿದರು. ಅದಕ್ಕೆ ಅವರು ಆಧಾರವಾಗಿ ಇಟ್ಟುಕೊಂಡದ್ದು ಚಿತ್ರದ ಕೆಳಗೂ ಮೇಲೂ ಕಣಜದ ಹುಳುಗಳು ಕಟ್ಟಿದ್ದ ಮಣ್ಣಿನ ಗೂಡುಗಳನ್ನು.

ಈಗ ಪಹಣಿಯ ಮಾತಿಗೆ ಬರೋಣ. ಸುಮ್ನೆ ಹೋಲಿಕೆಗೆ ಹೇಳಿದ ಮಾತಲ್ಲ ಅದು. ಈ ಚಿತ್ರಗಳು ನಿಜವಾಗಿಯೂ ಪಾರ್ಲಿಮೆಂಟಿಗೆ, ಕೋರ್ಟಿಗೆ ದಾಖಲೆಯಾಗಿ ಹೋಗಿವೆ.

1963ರಲ್ಲಿ ಆರ್ನೆಮ್ ಲ್ಯಾಂಡಿನ ಯಿರ್ಕಾಲದ ಸುತ್ತಲಿನ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಸರ್ಕಾರ ಬಾಕ್ಸೈಟ್ ಗಣಿಗೆ ಬಿಟ್ಟುಕೊಟ್ಟಿತು. ಅಲ್ಲಿನ ಯೋಲ್ಙು ಜನರನ್ನು ಒಂದು ಮಾತೂ ಕೇಳಲಿಲ್ಲ. ಯೋಲ್ಙು ಹಿರಿಯರು ಮನವಿ ಬರೆದರು, ತಮ್ಮ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಟೈಪ್ ಮಾಡಿದ ಆ ಹಾಳೆಯನ್ನು ತೊಗಟೆಗೆ ಅಂಟಿಸಿ, ಸುತ್ತ ತಮ್ಮ ಕುಲಗಳ ಚಿತ್ರ ಬರೆದು ಕ್ಯಾನ್‌ಬೆರಾಗೆ ಕಳಿಸಿದರು. ನಡುವೆ ಇದ್ದದ್ದು ಸರ್ಕಾರಕ್ಕೆ ಅರ್ಥವಾಗುವ ಅರ್ಜಿ. ಅಂಚಿನಲ್ಲಿ ಇದ್ದದ್ದು ಅರ್ಜಿ ಹಾಕಲು ತಮಗಿರುವ ಹಕ್ಕು. ಗಣಿ ನಿಲ್ಲಲಿಲ್ಲ. ಅವರು ಕೋರ್ಟಿಗೆ ಹೋದರು. 1971ರಲ್ಲಿ ನ್ಯಾಯಾಧೀಶರು, ಈ ಜನರಿಗೆ ತಮ್ಮದೇ ಆದ ಕಾನೂನಿನ ವ್ಯವಸ್ಥೆ ಇದೆ ಅಂತ ಒಪ್ಪಿದರು. ಆದರೆ ಅದು ಆಸ್ತಿಯ ಹಕ್ಕು ಆಗುವುದಿಲ್ಲ ಅಂತ ಕೇಸು ವಜಾ ಮಾಡಿದರು. ಆ ಸೋಲಿನಿಂದ ಎದ್ದ ಚರ್ಚೆಯೇ 1976ರಲ್ಲಿ ಉತ್ತರ ಪ್ರಾಂತ್ಯದ ಭೂಹಕ್ಕು ಕಾಯ್ದೆಗೆ ದಾರಿ ಮಾಡಿತು. ಆ ತೊಗಟೆಯ ಮನವಿಗಳು ಇವತ್ತಿಗೂ ಪಾರ್ಲಿಮೆಂಟ್ ಭವನದಲ್ಲಿವೆ.

ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತಲೂ ಹತ್ತಿರವಾದದ್ದು. ಪಶ್ಚಿಮದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ತಮ್ಮ ನೆಲಕ್ಕಾಗಿ ನೇಟಿವ್ ಟೈಟಲ್ ದಾವೆ, ಅಂದರೆ ಮೂಲನಿವಾಸಿಗಳ ಪಾರಂಪರಿಕ ಭೂಹಕ್ಕಿನ ದಾವೆ, ಹೂಡಿದ್ದರು. ಅಧಿಕಾರಿಗಳು ಬರುತ್ತಾರೆ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಹಿರಿಯರಿಗೆ ಆ ಇಂಗ್ಲಿಷಿನಲ್ಲಿ ತಮ್ಮ ನೆಲವನ್ನು ವಿವರಿಸುವುದು ಹೇಗೆ? 1997ರಲ್ಲಿ ಅವರೊಂದು ದಾರಿ ಕಂಡುಕೊಂಡರು. ಪಿರ್ನಿನಿ ಅನ್ನುವ ಜಾಗದಲ್ಲಿ 10 ಮೀಟರ್ ಉದ್ದ 8 ಮೀಟರ್ ಅಗಲದ ಬಟ್ಟೆ ಹಾಸಿದರು. ನಲವತ್ತಕ್ಕೂ ಹೆಚ್ಚು ಜನ ಅದರ ಮೇಲೆ ಕೂತು, ಯಾರ ನೆಲ ಎಲ್ಲಿದೆಯೋ ಅಲ್ಲೇ ಕೂತು, ತಮ್ಮ ತಮ್ಮ ನೀರಿನ ಸೆಲೆಗಳನ್ನು ಬರೆದರು. ಪಕ್ಕದವರ ಭಾಗಕ್ಕೆ ಯಾರೂ ಕೈ ಹಾಕಲಿಲ್ಲ. ಆಮೇಲೆ ದಾವೆ ನೋಡುವ ಟ್ರಿಬ್ಯೂನಲ್‌ನವರು ಬಂದಾಗ ಆ ಬಟ್ಟೆಯನ್ನು ನೆಲದ ಮೇಲೆ ಹರಡಿದರು. ಒಬ್ಬೊಬ್ಬರಾಗಿ ಬಂದು, ತಾವು ಬರೆದ ಭಾಗದ ಮೇಲೆ ಕಾಲೂರಿ ನಿಂತು, ತಮ್ಮ ಭಾಷೆಯಲ್ಲಿ ಹೇಳಿಕೆ ಕೊಟ್ಟರು. ಇದು ನನ್ನ ಅಪ್ಪನ ನೀರು, ಇಲ್ಲಿಂದ ಹೀಗೆ ನಡೆದು ಬಂದೆವು ಅನ್ನುವ ರೀತಿಯಲ್ಲಿ. ಙುರಾರ ಕ್ಯಾನ್ವಾಸ್ ಅಂತ ಅದಕ್ಕೆ ಹೆಸರು. ಹತ್ತು ವರ್ಷ ಕಾದ ಮೇಲೆ, 2007ರಲ್ಲಿ, ಅವರ ಹಕ್ಕನ್ನು ಕೋರ್ಟ್ ಒಪ್ಪಿತು. ಸರ್ವೆ ನಂಬರು, ಚಕ್ಕುಬಂದಿ, ಸಾಕ್ಷಿ, ಎಲ್ಲವೂ ಒಂದೇ ಬಟ್ಟೆಯ ಮೇಲಿದ್ದವು.

ಕಡಲಿಗೂ ಹೀಗೇ ಆಯಿತು. 1996ರಲ್ಲಿ ಆರ್ನೆಮ್ ಲ್ಯಾಂಡಿನ ಬ್ಲೂ ಮಡ್ ಬೇ ಹತ್ತಿರ ಒಂದು ಪವಿತ್ರ ಜಾಗದಲ್ಲಿ ಕಳ್ಳ ಮೀನುಗಾರರ ಬೀಡು ಕಣ್ಣಿಗೆ ಬಿತ್ತು. ಅಲ್ಲಿ ಕಡಿದ ಮೊಸಳೆಯ ತಲೆ ಬಿದ್ದಿತ್ತು. ಆ ಜಾಗಕ್ಕೂ ಅಲ್ಲಿನ ಕುಲಕ್ಕೂ ಮೊಸಳೆ ಪೂರ್ವಿಕ. ಯೋಲ್ಙು ಕಲಾವಿದರು ಇದಕ್ಕೆ ಉತ್ತರವಾಗಿ ಕಡಲಿನ ಕಾನೂನನ್ನು 80 ತೊಗಟೆಗಳ ಮೇಲೆ ಬರೆದರು. ಕೇಸು ಮೇಲಿನ ಕೋರ್ಟಿನವರೆಗೂ ಹೋಯಿತು. 2008ರಲ್ಲಿ ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಅವರ ನೆಲಕ್ಕೆ ಸೇರಿದ ಉಬ್ಬರ ಇಳಿತದ ನೀರಿನ ಮೇಲೂ ಅವರ ಮಾತು ನಡೆಯಬೇಕು ಅಂತ ತೀರ್ಪು ಕೊಟ್ಟಿತು.

ಪಹಣಿಯ ಹೋಲಿಕೆ ಒಂದು ಕಡೆ ನಿಂತುಹೋಗುತ್ತದೆ. ನಮ್ಮಲ್ಲಿ ಪಹಣಿ ಇದ್ದರೆ ಜಮೀನು ಮಾರಬಹುದು. ಇಲ್ಲಿ ಹಾಗಲ್ಲ. ಚಿತ್ರ ಮಾರಿದರೂ ಕಥೆ ಮಾರಿದಂತೆ ಆಗುವುದಿಲ್ಲ. ಕೊಂಡವರ ಮನೆಗೆ ಹೋಗುವುದು ಬಟ್ಟೆ, ಬಣ್ಣ ಮತ್ತು ನೋಡುವ ಭಾಗ್ಯ. ಕಥೆ ಬರೆಯುವ ಹಕ್ಕು ಕುಲದಲ್ಲೇ ಉಳಿಯುತ್ತದೆ. ದುಡ್ಡಿಗೆ ಚಿತ್ರ ಮಾರುವವರು ನಕಲು ಮಾಡಿದರೆ ಯಾಕೆ ಕೂಗಾಡುತ್ತಾರೆ ಅಂತ ಕೇಳುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ಇದನ್ನು ಕಾಪಿರೈಟ್ ಕಾಯ್ದೆಯೊಳಗೆ ಹೊಂದಿಸುವುದು ಕಷ್ಟ. ಕಾಪಿರೈಟ್ ಸಿಗುವುದು ಒಬ್ಬ ವ್ಯಕ್ತಿಗೆ. ಅದೂ ಆ ವ್ಯಕ್ತಿ ಸತ್ತ 70 ವರ್ಷದ ತನಕ. ಕುಲಕ್ಕೆ ಸೇರಿದ, ಎಷ್ಟೋ ಸಾವಿರ ವರ್ಷದಿಂದ ಬಂದ ಗುರುತಿಗೆ ಈ ಅಳತೆ ಸಾಕಾಗುವುದಿಲ್ಲ. 1966ರಲ್ಲಿ ಆಸ್ಟ್ರೇಲಿಯಾ ಮೊದಲ ಒಂದು ಡಾಲರ್ ನೋಟು ಹೊರತಂದಾಗ ಅದರ ಹಿಂಬದಿಗೆ ಡೇವಿಡ್ ಮಲಂಗಿ ಅವರ ತೊಗಟೆ ಚಿತ್ರವನ್ನು ಬಳಸಿಕೊಂಡಿತು, ಅವರನ್ನು ಕೇಳದೆಯೇ. ವಿಷಯ ಹೊರಬಂದ ಮೇಲೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟರು. ಆ ಚಿತ್ರದಲ್ಲಿ ಇದ್ದದ್ದು ಅವರ ಪೂರ್ವಿಕನ ಸಾವಿನ ವಿಧಿಗಳು. ಅದು ಎಲ್ಲರ ಜೇಬಿನಲ್ಲಿ ಓಡಾಡಿತು.

1994ರ ಕಾರ್ಪೆಟ್ ಕೇಸು ಇನ್ನೂ ಗಟ್ಟಿ ಉದಾಹರಣೆ. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕದ್ದು ವಿಯೆಟ್ನಾಮಿನಲ್ಲಿ ಉಣ್ಣೆಯ ಕಾರ್ಪೆಟ್ ನೇಯಿಸಿ ಆಸ್ಟ್ರೇಲಿಯಾಗೆ ತಂದು ಮಾರುತ್ತಿದ್ದರು. ಯಿರ್ಕಾಲದ ಬಾಂಡುಕ್ ಮರಿಕ ಅವರ ಪವಿತ್ರ ಕೊಳದ ಚಿತ್ರವೂ ಅದರಲ್ಲಿ ಇತ್ತು. ಒಂದು ಕ್ಷಣ ಯೋಚಿಸಿ. ಪವಿತ್ರ ಕೊಳ ಯಾರದೋ ಮನೆಯ ನೆಲದಲ್ಲಿ ಕಾಲು ಒರೆಸುವ ಹಾಸು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಚಿತ್ರ ಹೀಗೆ ಹೊರಗೆ ಹೋದರೆ ಕುಲದವರು ಮೊದಲು ಕೇಳುವುದು ಕಲಾವಿದೆಯನ್ನು. ಕದ್ದವನು ಎಲ್ಲೋ ಇರುತ್ತಾನೆ. ಕಾಪಾಡಬೇಕಾದ ಹೊಣೆ ಹೊತ್ತವರು ತಲೆತಗ್ಗಿಸಬೇಕು, ಬರೆಯುವ ಅನುಮತಿಯನ್ನೇ ಕಳೆದುಕೊಳ್ಳಬಹುದು. ಕೋರ್ಟ್ ಆ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡು 1 ಲಕ್ಷ 88 ಸಾವಿರ ಡಾಲರಿಗೂ ಹೆಚ್ಚು ಪರಿಹಾರಕ್ಕೆ ಆದೇಶ ಕೊಟ್ಟಿತು. ಆದರೆ ಅಲ್ಲಿಯೂ ಕೈ ಹಿಡಿದದ್ದು ವ್ಯಕ್ತಿಗಳ ಕಾಪಿರೈಟು. ಒಂದು ನಿರ್ದಿಷ್ಟ ಚಿತ್ರವನ್ನು ಕದಿಯದೆ ಸುಮ್ಮನೆ ಶೈಲಿಯನ್ನು ಕದ್ದರೆ, ನಮ್ಮ ಬೂಮರಾಂಗಿನಂತೆ, ಈ ದಾರಿಯೂ ಮುಚ್ಚಿದೆ. ಈಗಂತೂ ಕಂಪ್ಯೂಟರಿಗೆ ಎರಡು ಸಾಲು ಬರೆದರೆ ಅಂಥ ನೂರು ಚಿತ್ರ ಉದುರುತ್ತವೆ. ಇದಕ್ಕಾಗಿ ಬೇರೆಯದೇ ಕಾಯ್ದೆ ತರುತ್ತೇವೆ ಅಂತ ಆಸ್ಟ್ರೇಲಿಯಾ ಸರ್ಕಾರ 2023ರ ಜನವರಿಯಲ್ಲಿ ತನ್ನ ಸಾಂಸ್ಕೃತಿಕ ನೀತಿಯಲ್ಲಿ ಮಾತು ಕೊಟ್ಟಿದೆ. ನನ್ನ ಪ್ರಕಾರ ಆ ಕಾಯ್ದೆಯಲ್ಲಿ ಹಕ್ಕು ಕುಲದ ಹೆಸರಲ್ಲಿ ಇರಲೇಬೇಕು. ಇಲ್ಲದಿದ್ದರೆ ಹಳೆಯ ಕಾಯ್ದೆಗೆ ಹೊಸ ಹೆಸರು ಇಟ್ಟ ಹಾಗಾಗುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕ್ಲಿಫರ್ಡ್ ಪಾಸಮ್ ಚಪಲ್‌ಚಾರಿ 1977ರಲ್ಲಿ ಬರೆದ 'ವಾರ್ಲುಗುಲಾಂಗ್' ಮೊದಲು 1,200 ಡಾಲರಿಗೆ ಹೋಯಿತು. 2007ರಲ್ಲಿ ರಾಷ್ಟ್ರೀಯ ಗ್ಯಾಲರಿ ಅದನ್ನು ಕೊಂಡದ್ದು 24 ಲಕ್ಷಕ್ಕೆ. ಅಷ್ಟರಲ್ಲಿ ಕಲಾವಿದರು ತೀರಿಕೊಂಡಿದ್ದರು. ಏರಿದ ಬೆಲೆಯಲ್ಲಿ ಮನೆಯವರಿಗೆ ಪಾಲು ಕೊಡಿಸುವ ಕಾಯ್ದೆಯೇ ಆಗ ಇರಲಿಲ್ಲ. ಈಗ ಇದೆ. 2010ರಿಂದ, 1,000 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಮರುಮಾರಾಟದಲ್ಲಿ ನೂರಕ್ಕೆ 5 ಪಾಲು ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ. ಆಲ್ಬರ್ಟ್ ನಮಾಚಿರ ಅವರ ಜಲವರ್ಣಗಳ ಕಾಪಿರೈಟನ್ನು 1983ರಲ್ಲಿ ಸರ್ಕಾರಿ ಟ್ರಸ್ಟಿಯೊಬ್ಬರು ಬರೀ 8,500 ಡಾಲರಿಗೆ ಮಾರಿಬಿಟ್ಟಿದ್ದರು. ಅದು ಮನೆಯವರ ಕೈಗೆ ವಾಪಸ್ ಬಂದದ್ದು 2017ರಲ್ಲಿ. (ಒಂದು ಮಾತು ಇಲ್ಲೇ ಹೇಳಬೇಕು. ತೀರಿಕೊಂಡವರ ಹೆಸರನ್ನು ಸ್ವಲ್ಪ ಕಾಲ ಬಾಯಲ್ಲಿ ಹೇಳದಿರುವುದು ಅಲ್ಲಿನ ಅನೇಕ ಸಮುದಾಯಗಳ ಪದ್ಧತಿ. ಲೋಕಕ್ಕೆ ಈಗಾಗಲೇ ತಿಳಿದಿರುವ ಹೆಸರುಗಳನ್ನಷ್ಟೇ ಗೌರವದಿಂದ ಬಳಸಿದ್ದೇನೆ.)

ಈ ಕಲೆ ತನ್ನವರೊಂದಿಗೆ ಮಾತ್ರ ಮಾತಾಡುತ್ತದೆ ಅಂತಲ್ಲ. ಎಲ್ಲರನ್ನೂ ಕೂರಿಸಿ ಯೋಚನೆಗೆ ಹಚ್ಚುವ ಕೆಲಸವನ್ನೂ ಮಾಡುತ್ತಿದೆ. 1988ರಲ್ಲಿ ಬಿಳಿಯರು ಬಂದು ನೆಲೆಸಿದ 200 ವರ್ಷದ ಸಂಭ್ರಮ ದೇಶದಲ್ಲೆಲ್ಲ ನಡೆದಿತ್ತು. ಆರ್ನೆಮ್ ಲ್ಯಾಂಡಿನ ರಾಮಿಂಗಿನಿಂಗ್ ಕಡೆಯ 43 ಕಲಾವಿದರು ಆ ಹೊತ್ತಿಗೆ 200 ಟೊಳ್ಳು ಮರದ ದಿಮ್ಮಿಗಳನ್ನು ಬರೆದು ನಿಲ್ಲಿಸಿದರು. ಸತ್ತವರ ಎಲುಬು ಇಡುವ ದಿಮ್ಮಿಗಳವು. ವರ್ಷಕ್ಕೆ ಒಂದರಂತೆ 200. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವುಗಳ ನಡುವೆ ಒಂದು ಕಾಲುದಾರಿ ಇದೆ. ಅದು ಅವರ ಗ್ಲೈಡ್ ನದಿ ಹರಿಯುವ ದಾರಿ. ನೋಡಲು ಹೋದವರು ಆ ನದಿಯಲ್ಲೇ ನಡೆಯಬೇಕು.

2024ರಲ್ಲಿ ವೆನಿಸ್ ಬಿನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಮೂಲನಿವಾಸಿ ಕಲಾವಿದ ಆರ್ಚಿ ಮೂರ್ ಕಪ್ಪು ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ವಂಶವೃಕ್ಷ ಬರೆದರು. 65,000 ವರ್ಷ ಹಿಂದಕ್ಕೆ ಹೋಗುವ ವಂಶವೃಕ್ಷ. ಅಲ್ಲಲ್ಲಿ ಖಾಲಿ. ಹತ್ಯೆ, ರೋಗ, ಸುಟ್ಟುಹೋದ ದಾಖಲೆಗಳು ನುಂಗಿದ ಹೆಸರುಗಳ ಜಾಗ ಅದು. ಕೋಣೆಯ ನಡುವೆ ನೀರು, ಅದರ ಮೇಲೆ ಕಟ್ಟುಕಟ್ಟಾಗಿ ಕಾಗದ. ಪೊಲೀಸರ ಮತ್ತು ಜೈಲಿನ ವಶದಲ್ಲಿ ಸತ್ತ ಮೂಲನಿವಾಸಿಗಳ ಸಾವಿನ ವರದಿಗಳು. ಆಸ್ಟ್ರೇಲಿಯಾಗೆ ಮೊದಲ ಬಾರಿ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂದದ್ದು ಈ ಕೃತಿಯಿಂದ. ಅದಕ್ಕೆ ಆರು ತಿಂಗಳ ಹಿಂದೆ, 2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ದನಿಗೆ ಸಂವಿಧಾನದಲ್ಲಿ ಜಾಗ ಕೊಡಬೇಕೇ ಅನ್ನುವ ಜನಮತಕ್ಕೆ ಅದೇ ದೇಶದ ನೂರಕ್ಕೆ 60ರಷ್ಟು ಮತದಾರರು ಬೇಡ ಅಂದಿದ್ದರು. ಆ ಬೇಡಿಕೆ ಬಂದದ್ದು ಮೂಲನಿವಾಸಿ ಪ್ರತಿನಿಧಿಗಳು ಸೇರಿ ಕೊಟ್ಟ 2017ರ ಉಲುರು ಹೇಳಿಕೆಯಿಂದ. ಆ ಹೇಳಿಕೆಯ ಸುತ್ತಲೂ ಚಿತ್ರ ಇದೆ, ಯಿರ್ಕಾಲದ ತೊಗಟೆಯ ಹಾಗೇ. ಚಿತ್ರವನ್ನು ಗೋಡೆಗೆ ಹಾಕಿಕೊಳ್ಳುವುದು ಸುಲಭ. ಅದರ ನಡುವೆ ಬರೆದಿರುವ ಅರ್ಜಿಯನ್ನು ಓದುವುದು ಕಷ್ಟವಾಗಿದೆ. ನನಗೆ ನೋವಾಗುವುದು ಇಲ್ಲೇ.

ಸಿಡ್ನಿ, ಮೆಲ್ಬರ್ನ್‌ನಲ್ಲಿ ನಮ್ಮವರು ಈಗ ಬಹಳ ಜನ ಇದ್ದಾರೆ. ಊರಿಗೆ ಬರುವಾಗ ಇಂಥ ಒಂದಾದರೂ ವಸ್ತು ಬ್ಯಾಗಿನಲ್ಲಿರುತ್ತದೆ. ಅಂಗಡಿಯಲ್ಲಿ ಮೂರು ಮಾತು ಕೇಳಿದರೆ ಸಾಕು. ಬರೆದವರು ಯಾರು, ಯಾವ ಊರಿನವರು? ಇದು ನಿಮ್ಮ ಕೈಗೆ ಹೇಗೆ ಬಂತು? ಅವರಿಗೆ ದುಡ್ಡು ಹೇಗೆ ಸಂದಾಯವಾಗುತ್ತದೆ? ಮರುಭೂಮಿಯಲ್ಲೂ ಉತ್ತರದ ಕಡಲತಡಿಯಲ್ಲೂ ಸಮುದಾಯಗಳೇ ನಡೆಸುವ ಕಲಾಕೇಂದ್ರಗಳಿವೆ. ಅಲ್ಲಿಂದ ಬಂದದ್ದಾದರೆ ಉತ್ತರ ತಕ್ಷಣ ಸಿಗುತ್ತದೆ, ಜೊತೆಗೆ ಒಂದು ಕಾಗದವೂ ಇರುತ್ತದೆ.

ಅಕ್ಕ ಈ ಪ್ರಶ್ನೆಗಳನ್ನು ಒಂದು ಅಂಗಡಿಯಲ್ಲಿ ಕೇಳಿದಳಂತೆ. ಉತ್ತರ ಬರಲಿಲ್ಲ, ಬರಿಗೈಯಲ್ಲಿ ವಾಪಸ್ ಬಂದಳು. ಎರಡು ತಿಂಗಳು ಬಿಟ್ಟು ಅಂಗೈ ಎರಡರಷ್ಟು ಅಗಲದ ಒಂದು ಚಿತ್ರ ಕೊಂಡಳು, ಕಲಾಕೇಂದ್ರದಿಂದ ಬಂದದ್ದು. ಕಂದು ನೆಲದ ಮೇಲೆ ಮೂರು ವೃತ್ತ, ನಡುವೆ ಒಂದೇ ಗೆರೆ, ಉಳಿದದ್ದೆಲ್ಲ ಚುಕ್ಕಿ. ಅದರ ಜೊತೆಗಿದ್ದ ಕಾಗದವನ್ನು ಫೋನಿನಲ್ಲಿ ನಿಧಾನವಾಗಿ ಓದಿ ಹೇಳಿದಳು. ಬರೆದ ಹೆಂಗಸಿನ ಹೆಸರು, ಊರು, ಭಾಷೆ. ಆ ನೀರಿನ ಗುಂಡಿ ಅವರ ಅಜ್ಜನ ಕಡೆಯದು. ಮಳೆ ಬಂದ ಮೇಲೆ ಹೆಂಗಸರು ಅಲ್ಲಿಗೆ ನಡೆದು ಹೋಗುತ್ತಾರೆ. ಮೂರನೆಯ ವೃತ್ತದ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳಿದೆ. ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದನ್ನು ಹೊರಗಿನವರಿಗೆ ಹೇಳುವ ಹಾಗಿಲ್ಲ ಅಂತ ಬರೆದಿದೆ ಅಂದಳು.